ದಾವಣಗೆರೆಯಿಂದ ಮಾಲ್ಡೀವ್ಸ್‌ಗೆ ಬಾಡಿಗೆ ಜೆಟ್: ಹೋಗುವಾಗ ಸಾಕು, ಬರುವಾಗ ಬೇಡ

ಅಪ್ಪ ಅಮ್ಮನ ಮದುವೆಯಾಗಿ ಐವತ್ತು ವರ್ಷ ತುಂಬಿದ ನೆಪದಲ್ಲಿ ಮನೆಮಂದಿಯೆಲ್ಲ ಮಾಲ್ಡೀವ್ಸ್‌ಗೆ ಹೋಗಿಬಂದೆವು. ಅಪ್ಪ, ಅಮ್ಮ, ಅಣ್ಣ, ಅತ್ತಿಗೆ, ನಾನು, ನನ್ನ ಹೆಂಡತಿ, ಇಬ್ಬರು ಮಕ್ಕಳು. ಹೋಗುವಾಗ ಬೆಂಗಳೂರಿನಿಂದ ಬಾಡಿಗೆ ಜೆಟ್ ಹಿಡಿದೆವು, ಬರುವಾಗ ಎಲ್ಲರೂ ಟಿಕೆಟ್ ಕೊಂಡು ಹತ್ತುವ ಸಾಮಾನ್ಯ ವಿಮಾನದಲ್ಲಿ ಬಂದೆವು. ವಿಷಯ ಗೊತ್ತಾದ ಮೇಲೆ ಪಿ.ಜೆ. ಬಡಾವಣೆಯ ಪರಿಚಯದವರು, ಎಪಿಎಂಸಿಯ ವರ್ತಕ ಮಿತ್ರರು ಫೋನ್ ಮಾಡಿ ವಿಚಾರಿಸುತ್ತಿದ್ದಾರೆ. ಎಲ್ಲರ ಮೊದಲ ಪ್ರಶ್ನೆ ‘ಎಷ್ಟಾಯಿತು’ ಎಂಬುದೇ. ‘ನಮಗೆ ಬೇಕೇ’ ಎಂದು ಮೊದಲು ಕೇಳಿಕೊಳ್ಳಿ ಎಂದು ಅವರಿಗೆಲ್ಲ ಹೇಳುತ್ತಿದ್ದೇನೆ.

ಮಾಲ್ಡೀವ್ಸ್‌ನ ಸಂಗತಿ ಹೀಗಿದೆ. ವಿಮಾನ ಇಳಿಯುವುದು ಮಾಲೆ ಪಕ್ಕದ ವೆಲಾನಾ ನಿಲ್ದಾಣದಲ್ಲಿ. ರೆಸಾರ್ಟ್ ಇರುವುದು ಇನ್ನೆಲ್ಲೋ ಒಂದು ದ್ವೀಪದಲ್ಲಿ. ಹತ್ತಿರದ ದ್ವೀಪಗಳಿಗೆ ಸ್ಪೀಡ್ ಬೋಟ್ ಇದೆ, ಅದು ರಾತ್ರಿಯೂ ಓಡುತ್ತದೆ. ದೂರದ ದ್ವೀಪಗಳಿಗೆ ನೀರಿನ ಮೇಲಿಳಿಯುವ ಸೀಪ್ಲೇನ್ ಹಿಡಿಯಬೇಕು. ಅದು ಹಗಲು ಬೆಳಕಿನಲ್ಲಿ ಮಾತ್ರ ಹಾರುತ್ತದೆ. ಹಾಗಾಗಿ ಸಾಮಾನ್ಯವಾಗಿ ಮಧ್ಯಾಹ್ನ ಮೂರೂವರೆಯೊಳಗೆ ಮಾಲೆಯಲ್ಲಿ ಇಳಿದಿರಬೇಕು ಎಂದು ರೆಸಾರ್ಟ್‌ನವರು ಹೇಳುತ್ತಾರೆ. ಅದು ತಪ್ಪಿದರೆ ಅಂದು ಮಾಲೆಯಲ್ಲೇ ತಂಗಬೇಕು, ರೆಸಾರ್ಟ್‌ನ ಒಂದು ರಾತ್ರಿಯ ಹಣ ಹೋದಂತೆಯೇ. ಎಂಬತ್ತರ ಹತ್ತಿರದ ಅಪ್ಪ, ಮಂಡಿ ನೋವಿನ ಅಮ್ಮ ಜೊತೆಗಿರುವಾಗ ಈ ಸರಪಳಿ ಎಲ್ಲೂ ತುಂಡಾಗಬಾರದು. ಹೊರಡುವ ಹೊತ್ತು ನಮ್ಮ ಕೈಯಲ್ಲಿರಬೇಕು ಎಂಬ ಒಂದೇ ಕಾರಣಕ್ಕೆ ನಾವು ಜೆಟ್ ಗೊತ್ತು ಮಾಡಿದೆವು. ನೀವು ಆರಿಸಿಕೊಂಡ ರೆಸಾರ್ಟ್‌ಗೆ ಸ್ಪೀಡ್ ಬೋಟ್ ಇದ್ದರೆ ಜೆಟ್‌ನ ಯೋಚನೆಯನ್ನು ಇಲ್ಲಿಗೇ ಬಿಟ್ಟುಬಿಡಿ. ಗೋವಾಕ್ಕಂತೂ ಬೇಡವೇ ಬೇಡ. ಹುಬ್ಬಳ್ಳಿ ಮಾರ್ಗವಾಗಿ ಕಾರಿನಲ್ಲಿ ಹೊರಟರೆ ಸಂಜೆಯೊಳಗೆ ಸಮುದ್ರದ ಎದುರು ಕೂತಿರುತ್ತೀರಿ.

ನಮ್ಮೂರಿನವರು ಮುಂದಕ್ಕೆ ಕೇಳುವುದು, ‘ಶಿವಮೊಗ್ಗಕ್ಕೇ ಜೆಟ್ ತರಿಸಬಹುದಲ್ಲವೇ?’ ಎಂದು. 2023ರಲ್ಲಿ ಉದ್ಘಾಟನೆಯಾದ ಸೋಗಾನೆಯ ಕುವೆಂಪು ವಿಮಾನ ನಿಲ್ದಾಣದ ರನ್‌ವೇ 3,200 ಮೀಟರ್ ಉದ್ದವಿದೆ, ಜೆಟ್‌ಗಳಿಗೆ ಧಾರಾಳವಾಗಿ ಸಾಕು. ಆದರೆ ಅದು ದೇಶದೊಳಗಿನ ಹಾರಾಟಕ್ಕಿರುವ ನಿಲ್ದಾಣ, ಅಲ್ಲಿ ವಲಸೆ ತಪಾಸಣೆಯೂ ಇಲ್ಲ, ಕಸ್ಟಮ್ಸ್ ಕೂಡ ಇಲ್ಲ. ಅಲ್ಲಿ ಹತ್ತಿದರೂ ಪಾಸ್‌ಪೋರ್ಟ್‌ಗೆ ಮುದ್ರೆ ಒತ್ತಿಸಲು ಬೆಂಗಳೂರಿನಲ್ಲೋ ಕೊಚ್ಚಿಯಲ್ಲೋ ಮತ್ತೊಮ್ಮೆ ಇಳಿಯಬೇಕು. ಒಂದು ಇಳಿಯುವಿಕೆಯ ಶುಲ್ಕ, ಒಂದು ತುಂಡು ಹಾರಾಟದ ಬಾಡಿಗೆ, ಎರಡು ಗಂಟೆಯ ಕಾಲ ಮೂರೂ ದಂಡ. ಕೆಂಪೇಗೌಡ ನಿಲ್ದಾಣಕ್ಕೆ ಕಾರಿನಲ್ಲೇ ಹೋಗಿ. ಹಿಂದಿನ ಮಧ್ಯಾಹ್ನ ಹೊರಟು, ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ಸೇರಿದರೆ ನೆಲಮಂಗಲದ ವಾಹನ ದಟ್ಟಣೆಯ ಕಾಟವಿಲ್ಲ. ರಾತ್ರಿ ಅಲ್ಲೇ ತಂಗಿ. ಡಿಸೆಂಬರ್, ಜನವರಿಯಲ್ಲಿ ದೇವನಹಳ್ಳಿಯ ಬೆಳಗಿನ ಮಂಜು ವಿಮಾನಗಳನ್ನು ಕಟ್ಟಿಹಾಕುತ್ತದೆ. ಆದ್ದರಿಂದ ಆರು ಗಂಟೆಯ ಹೊತ್ತನ್ನು ಕೇಳಬೇಡಿ, ಒಂಬತ್ತರ ಮೇಲೆ ಇಟ್ಟುಕೊಳ್ಳಿ. ಹಾರಾಟ ಎರಡು ಗಂಟೆಗಿಂತ ಕಡಿಮೆ, ಮಾಲೆಯ ಗಡಿಯಾರ ನಮಗಿಂತ ಅರ್ಧ ಗಂಟೆ ಹಿಂದೆ. ಮಧ್ಯಾಹ್ನದ ಊಟಕ್ಕೆ ರೆಸಾರ್ಟ್ ಸೇರಬಹುದು.

ಇನ್ನು ಬಾಡಿಗೆ. ಇದರ ಲೆಕ್ಕ ನಾವು ಹತ್ತುವ ಊರಿನಿಂದ ಶುರುವಾಗುವುದಿಲ್ಲ, ವಿಮಾನ ನಿಂತಿರುವ ಊರಿನಿಂದ ಶುರುವಾಗಿ ಅದು ಮರಳಿ ಅಲ್ಲಿಗೆ ಸೇರುವ ತನಕ ನಡೆಯುತ್ತದೆ. ಬಾಡಿಗೆ ಜೆಟ್‌ಗಳಲ್ಲಿ ಬಹಳಷ್ಟು ಇರುವುದು ದೆಹಲಿ, ಮುಂಬೈಯಲ್ಲಿ. ದೆಹಲಿಯ ವಿಮಾನ ಬೆಂಗಳೂರಿಗೆ ಖಾಲಿ ಬರುವ ಗಂಟೆಗಳಿಗೂ ನೀವೇ ಹಣ ಕೊಡುತ್ತೀರಿ. ಅದಕ್ಕೇ ದರ ಕೇಳುವ ಮೊದಲು ‘ವಿಮಾನ ಎಲ್ಲಿದೆ’ ಎಂದು ಕೇಳಿ, ಬೆಂಗಳೂರಿನಲ್ಲೋ ಹೈದರಾಬಾದ್, ಚೆನ್ನೈಯಲ್ಲೋ ಇರುವುದನ್ನು ಹುಡುಕಿ. ನಮಗೆ ಬಂದ ಕೊಟೇಷನ್‌ಗಳಲ್ಲಿ ಎಂಟು ಆಸನದ ಜೆಟ್‌ಗೆ ಗಂಟೆಯ ದರ ಮೂರರಿಂದ ನಾಲ್ಕು ಲಕ್ಷದ ನಡುವೆ ಇತ್ತು. ಅದರ ಮೇಲೆ ಇಳಿಯುವ, ನಿಲ್ಲಿಸುವ ಶುಲ್ಕ, ಮಾಲೆಯ ಏಜೆಂಟರ ಖರ್ಚು, ಪೈಲಟ್‌ಗಳ ವಸತಿ, ಜಿಎಸ್‌ಟಿ. ದಿನಕ್ಕೆ ಕನಿಷ್ಠ ಇಷ್ಟು ಗಂಟೆ ಎಂಬ ಷರತ್ತೂ ಇರುತ್ತದೆ. ಇವೆಲ್ಲ ಸೇರಿದ ಒಂದೇ ಮೊತ್ತವನ್ನು ಬರವಣಿಗೆಯಲ್ಲಿ ತರಿಸಿಕೊಳ್ಳದೆ ಮುಂಗಡ ಕೊಡಬೇಡಿ.

ವೆಲಾನಾದಲ್ಲಿ ವಿಮಾನ ನಿಲ್ಲಿಸಲು ಜಾಗದ ಬಿಕ್ಕಟ್ಟು ಇದೆ. ನಮ್ಮನ್ನು ಇಳಿಸಿದ ಜೆಟ್ ಖಾಲಿ ಮರಳುತ್ತದೆ, ಕರೆತರಲು ಮತ್ತೆ ಖಾಲಿ ಬರುತ್ತದೆ. ಹೋಗುವಾಗಲೂ ಬರುವಾಗಲೂ ಜೆಟ್ ಎಂದರೆ ನಾಲ್ಕು ಹಾರಾಟದ ಬಾಡಿಗೆ, ಹೋಗುವಾಗ ಮಾತ್ರ ಎಂದರೆ ಎರಡರದು. ಇದಕ್ಕಿಂತ ಮುಖ್ಯವಾದದ್ದು ಮಾಲ್ಡೀವ್ಸ್ ಸರ್ಕಾರದ ತೆರಿಗೆ. ಆ ದೇಶ ಬಿಡುವ ವಿದೇಶಿಯರು ನಿರ್ಗಮನ ತೆರಿಗೆ, ನಿಲ್ದಾಣ ಅಭಿವೃದ್ಧಿ ಶುಲ್ಕ ಎಂಬ ಎರಡನ್ನು ಕೊಡಬೇಕು. 2024ರ ಡಿಸೆಂಬರ್‌ನಿಂದ ಸಾಮಾನ್ಯ ದರ್ಜೆಯವರಿಗೆ ಎರಡೂ ತಲಾ 50 ಡಾಲರ್, ಖಾಸಗಿ ಜೆಟ್ ಹತ್ತಿದವರಿಗೆ ಎರಡೂ ತಲಾ 480 ಡಾಲರ್! ಎಂಟು ಜನಕ್ಕೆ ಸಾಮಾನ್ಯ ದರ್ಜೆಯಲ್ಲಿ 800 ಡಾಲರ್, ಜೆಟ್‌ನಲ್ಲಿ 7,680. ಅಂತರ ನಮ್ಮ ಹಣದಲ್ಲಿ ಐದೂವರೆ ಲಕ್ಷ ದಾಟುತ್ತದೆ. ಈ ತೆರಿಗೆ ಹೊರಡುವಾಗ ಮಾತ್ರ, ಬಂದಿಳಿಯುವವರಿಗೆ ಇಲ್ಲ. ಬರುವ ದಿನ ಹಗಲಿನ ಸೀಪ್ಲೇನ್‌ನಲ್ಲಿ ಮಾಲೆಗೆ ಬಂದು ಸಾವಕಾಶವಾಗಿ ಯಾವ ವಿಮಾನವನ್ನಾದರೂ ಹಿಡಿಯಬಹುದಾದ್ದರಿಂದ ಆಗ ಜೆಟ್‌ನ ಅಗತ್ಯವೂ ಇರುವುದಿಲ್ಲ. ಮರಳುವ ಟಿಕೆಟ್ ಕೈಯಲ್ಲಿರುವುದು ಇನ್ನೊಂದು ದೃಷ್ಟಿಯಿಂದಲೂ ಒಳ್ಳೆಯದು, ಮಾಲೆಯ ವಲಸೆ ಅಧಿಕಾರಿಗಳು ಅದನ್ನೂ ರೆಸಾರ್ಟ್ ಬುಕಿಂಗ್ ಅನ್ನೂ ಕೇಳುತ್ತಾರೆ.

ಖಾಲಿ ಮರಳುವ ವಿಮಾನವನ್ನು ಕಡಿಮೆ ದರಕ್ಕೆ ಕೊಡುತ್ತೇವೆ ಎಂಬ ಸಂದೇಶಗಳೂ ಬರುತ್ತವೆ. ದಿನ, ಹೊತ್ತು ಅವರದು. ಮೂಲ ಪ್ರಯಾಣ ರದ್ದಾದರೆ ನಿಮ್ಮದೂ ರದ್ದು. ಹಿರಿಯರ ಸಮಾರಂಭಕ್ಕೆ ಅದನ್ನು ನೆಚ್ಚಬೇಡಿ.

ದರಕ್ಕಿಂತ ಮೊದಲು ಕಾಗದ. ಹಣ ಪಡೆದು ಜನರನ್ನು ಒಯ್ಯಲು ಕೇಂದ್ರ ಸರ್ಕಾರದ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಯಿಂದ ನಿಗದಿತವಲ್ಲದ ಹಾರಾಟದ ಪರವಾನಗಿ ಬೇಕು, ಆ ವಲಯದವರು ಅದನ್ನು ಎನ್‌ಎಸ್‌ಒಪಿ ಎನ್ನುತ್ತಾರೆ. ಪರವಾನಗಿ ಪಡೆದವರ ಪಟ್ಟಿ ಡಿಜಿಸಿಎ ಜಾಲತಾಣದಲ್ಲಿದೆ. ಉದ್ಯಮಿಗಳು ಸ್ವಂತಕ್ಕೆ ಇಟ್ಟುಕೊಂಡ ವಿಮಾನವನ್ನು ಬಾಡಿಗೆಗೆ ಕೊಡುವಂತಿಲ್ಲ, ಆದರೂ ‘ನಮ್ಮವರದೇ ವಿಮಾನ, ಅಗ್ಗಕ್ಕೆ ಮಾಡಿಸಿಕೊಡುತ್ತೇವೆ’ ಎನ್ನುವ ಮಧ್ಯವರ್ತಿಗಳು ಸಿಗುತ್ತಾರೆ. ಅಂಥ ವಿಮಾನದಲ್ಲಿ ಅನಾಹುತವಾದರೆ ವಿಮೆ ಕೈಕೊಡುವ ಅಪಾಯವಿದೆ. ಪರವಾನಗಿ ಸಂಖ್ಯೆ, ವಿಟಿ ಎಂದು ಶುರುವಾಗುವ ನೋಂದಣಿ ಅಕ್ಷರ, ವಿಮಾ ಪತ್ರದ ಪ್ರತಿ ಈ ಮೂರನ್ನೂ ಕೇಳಿ. ಎಲ್ಲರಿಗಿಂತ ಕಡಿಮೆ ದರ ಹೇಳಿದವರೊಬ್ಬರು ‘ಕಾಗದಗಳನ್ನು ಆಮೇಲೆ ಕಳಿಸುತ್ತೇವೆ’ ಎಂದರು. ಅಣ್ಣ ಮರುಮಾತಿಲ್ಲದೆ ಫೋನ್ ಇಟ್ಟ. ಇಡೀ ಕುಟುಂಬ ಒಂದೇ ವಿಮಾನದಲ್ಲಿ ಕೂರುವಾಗ ಇದರಲ್ಲಿ ದಾಕ್ಷಿಣ್ಯ ಕೂಡದು.

ಜೆಟ್ ಎಂದರೆ ಹಿರಿಯರಿಗೆ ಎಲ್ಲವೂ ಸಲೀಸು ಎಂಬ ಭಾವನೆ ಇದೆ. ಹತ್ತುವುದು ಸಲೀಸಲ್ಲ. ನಾವು ಹತ್ತಿದ ಹಾಕರ್ ಜೆಟ್‌ನಲ್ಲಿ ಬಾಗಿಲೇ ಕೆಳಕ್ಕೆ ಬಾಗಿ ಮೆಟ್ಟಿಲಾಗುತ್ತದೆ. ಮೆಟ್ಟಿಲುಗಳು ಕೆಲವೇ, ಆದರೆ ಕಿರಿದು, ಒಂದರಿಂದ ಒಂದಕ್ಕೆ ಎತ್ತರವೂ ಹೆಚ್ಚು. ಅಮ್ಮ ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಪಕ್ಕಕ್ಕೆ ತಿರುಗಿ, ಪ್ರತಿ ಮೆಟ್ಟಿಲ ಮೇಲೂ ಎರಡು ಪಾದ ಇಟ್ಟು ನಿಂತು ನಿಂತು ಹತ್ತಿದಳು. ಅಣ್ಣ ಹಿಂದೆ ಇದ್ದ, ಮೇಲಿನಿಂದ ಸಹ ಪೈಲಟ್ ಕೈ ಕೊಟ್ಟರು. ಒಳಗೂ ಚಾವಣಿ ಅಷ್ಟೇನೂ ಎತ್ತರವಿಲ್ಲ, ಆರಡಿಯ ಅಣ್ಣ ತಲೆ ತಗ್ಗಿಸಿಯೇ ನಡೆದ. ಮಂಡಿ ನೋವಿನವರಿದ್ದರೆ ಪ್ರಯಾಣದ ದಿನ ಸಲ್ವಾರ್ ಹಾಕಿಕೊಳ್ಳಲು ಒಪ್ಪಿಸಿ. ಗಡುಸು ಸೂಟ್‌ಕೇಸ್ ಬದಲು ಮೆತ್ತನೆಯ ಬ್ಯಾಗ್ ಒಯ್ಯಿರಿ, ಸಾಮಾನಿಗೆ ಜಾಗ ಇಕ್ಕಟ್ಟು. ಮುಂದೆ ಸೀಪ್ಲೇನ್‌ನಲ್ಲಿ ಸಾಮಾನ್ಯವಾಗಿ ತಲೆಗೆ 20 ಕಿಲೋ ಸಾಮಾನು, 5 ಕಿಲೋ ಕೈಚೀಲ ಮಾತ್ರ. ಅದನ್ನು ಹತ್ತುವುದು ತೇಲುವ ಕಟ್ಟೆಯಿಂದ, ಅದು ಅಲೆಗೆ ಸಣ್ಣಗೆ ಅಲುಗಾಡುತ್ತದೆ. ಸದ್ದೂ ಬಹಳ, ಕಿವಿಗೆ ಹತ್ತಿ ಇಟ್ಟುಕೊಳ್ಳಿ.

ವೀಸಾ ಅಲ್ಲಿ ಇಳಿದ ಮೇಲೆ ಉಚಿತವಾಗಿ ಸಿಗುತ್ತದೆ. ಹೊರಡುವ ಮೊದಲ 96 ಗಂಟೆಗಳೊಳಗೆ ‘ಇಮುಗಾ’ ಜಾಲತಾಣದಲ್ಲಿ ಘೋಷಣೆ ತುಂಬಬೇಕು, ಅದಕ್ಕೂ ಶುಲ್ಕವಿಲ್ಲ, ಹಣ ಕೇಳುವ ನಕಲಿ ತಾಣಗಳ ಬಗ್ಗೆ ಎಚ್ಚರ. ಪಾಸ್‌ಪೋರ್ಟ್ ಇಲ್ಲದವರಿಗೆ ದಾವಣಗೆರೆಯ ಅಂಚೆ ಕಚೇರಿಯ ಸೇವಾ ಕೇಂದ್ರವೇ ಸಾಕು. ಪೊಲೀಸ್ ಪರಿಶೀಲನೆಗೆ ಸಮಯ ಬಿಟ್ಟುಕೊಂಡು ಅರ್ಜಿ ಹಾಕಿ.

ನಮ್ಮ ಮನೆಗಳಿಗೆ ಮುಖ್ಯವಾದ ಇನ್ನೊಂದು ಮಾತು. ಪೂಜೆಯ ವಿಗ್ರಹಗಳನ್ನು ಮಾಲ್ಡೀವ್ಸ್‌ಗೆ ಒಯ್ಯುವಂತಿಲ್ಲ. ಮದ್ಯ, ಹಂದಿಮಾಂಸದ ಜೊತೆ ಅವೂ ಅಲ್ಲಿನ ಕಸ್ಟಮ್ಸ್‌ನ ನಿಷೇಧದ ಪಟ್ಟಿಯಲ್ಲಿವೆ, ಜೆಟ್‌ನಲ್ಲಿ ಬಂದವರಿಗೆ ವಿನಾಯಿತಿಯಿಲ್ಲ. ಅಮ್ಮ ಎಲ್ಲಿಗೆ ಹೋದರೂ ಬೆಳ್ಳಿಯ ಗಣಪನ ಡಬ್ಬಿ ಬಿಟ್ಟು ಹೋದವಳಲ್ಲ. ಊರಲ್ಲೇ ಕೂತು ತಿಳಿಸಿ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಲ್ಲಿ ಬೆಳಿಗ್ಗೆ ಸೂರ್ಯನಿಗೆ ಕೈ ಮುಗಿಯುತ್ತೇನೆ ಬಿಡು’ ಎಂದು ಡಬ್ಬಿಯನ್ನು ದೇವರ ಗೂಡಿಗೆ ಮರಳಿಸಿದಳು. ಈ ಮಾತನ್ನು ಮನೆಯಲ್ಲೇ ಆಡಿ ಮುಗಿಸಿ. ಕಸ್ಟಮ್ಸ್ ಮೇಜಿನ ಮುಂದೆ ಹಿರಿಯರಿಗೆ ನೋವಾಗುವುದು ಬೇಡ.

ರೆಸಾರ್ಟ್ ದರದ ಮುಂದೆ ಎರಡು ಕೂಡಿಕೆಯ ಚಿಹ್ನೆ ಇದ್ದರೆ ಸೇವಾ ಶುಲ್ಕ, ತೆರಿಗೆ ಸೇರಿಲ್ಲ ಎಂದರ್ಥ. ಸೇವಾ ಶುಲ್ಕ ಸಾಮಾನ್ಯವಾಗಿ ಶೇ 10, ಪ್ರವಾಸಿ ತೆರಿಗೆ 2025ರ ಜುಲೈನಿಂದ ಶೇ 17. ರೆಸಾರ್ಟ್‌ಗಳಲ್ಲಿ ತಲೆಗೆ ರಾತ್ರಿಗೆ 12 ಡಾಲರ್ ಹಸಿರು ತೆರಿಗೆ ಬೇರೆ. ಜನವರಿಯಿಂದ ಮಾರ್ಚ್‌ವರೆಗೆ ಸಮುದ್ರ ಶಾಂತ, ಹಿರಿಯರಿಗೆ ಆಗಲೇ ಒಳ್ಳೆಯದು. ಮೇ ನಂತರ ಮುಂಗಾರಿನ ಗಾಳಿ, ಅಲೆ ಜೋರು.

ಮರಳುವಾಗ ಅಪ್ಪ ಅಮ್ಮ ಇಬ್ಬರಿಗೂ ಗಾಲಿಕುರ್ಚಿ ಬೇಕೆಂದು ಟಿಕೆಟ್ ಮಾಡುವಾಗಲೇ ನಮೂದಿಸಿ. ಮಾಲೆಯಲ್ಲಿ ಸಿಬ್ಬಂದಿಯೇ ಅವರನ್ನು ವಲಸೆ ತಪಾಸಣೆ ದಾಟಿಸಿ ಆಸನದವರೆಗೆ ಕರೆದೊಯ್ದರು. ಬೆಂಗಳೂರಿನಲ್ಲಿ ಇಳಿಯುವುದು ಸಂಜೆ ದಾಟಿದರೆ ಮತ್ತೆ ದೇವನಹಳ್ಳಿಯಲ್ಲೇ ತಂಗಿ, ದಾವಣಗೆರೆಯ ಕಾರನ್ನು ಮರುದಿನ ಬೆಳಿಗ್ಗೆಗೆ ಹೇಳಿ.