ತಪ್ಪು ತುಟಿಯದಾಗಿರಲಿಲ್ಲ

ಧಾರವಾಡ, 16 ಫೆಬ್ರವರಿ 2025, ರವಿವಾರ

ಇಂದು ಮಧ್ಯಾಹ್ನ ಮೂರೂವರೆಗೆ ನನ್ನ ಕ್ಲಾರಿಯೋನೆಟ್ಟಿನ ಸಾ ಕದಲದೆ ನಿಂತಿತು.

ಹನ್ನೆರಡು ವರ್ಷ ಪೆಟ್ಟಿಗೆಯಲ್ಲಿದ್ದ ಕ್ಲಾರಿಯೋನೆಟ್ ಹೊರತೆಗೆದು ಮೂರು ವಾರವಾಯಿತು. ಅಂದಿನಿಂದ ಒಂದೇ ಕಾಟ. ಕೆಳಗಿನ ಸಾ ಹಿಡಿದರೆ ಅರೆಕ್ಷಣ ನಿಂತು, ಮೇಲಿನ ಸಪ್ತಕದ ಪಂಚಮಕ್ಕೆ ಕೀರಿಕೊಂಡು ಹಾರುತ್ತಿತ್ತು. ತುಟಿಯ ಹಿಡಿತ ಹೋಯಿತು, ಉಸಿರು ಸಾಲದು ಎಂದುಕೊಂಡು ಊದುವಾಗ ಕಂಪಿಸುವ ತೆಳು ಪಟ್ಟಿಯಾದ ರೀಡ್ ಬದಲಿಸಿದೆ, ಬೆಳಗಿನ ಸಾಧನೆ ಹೆಚ್ಚಿಸಿದೆ. ಫಲ ಸಿಗಲಿಲ್ಲ. ಒಂದೆರಡು ದಿನ ಪೆಟ್ಟಿಗೆ ತೆರೆಯಲೂ ಮನಸ್ಸಾಗಲಿಲ್ಲ.

ನಿನ್ನೆ ರಾತ್ರಿ ಗದಗಿನ ಕಾಕಾ ಅವರಿಗೆ ಫೋನ್ ಮಾಡಿದೆ. ಮದುವೆ ಬ್ಯಾಂಡಿನಲ್ಲಿ ಆಯುಷ್ಯ ಕಳೆದವರು. “ಪ್ರತಿಸಲವೂ ಪಂಚಮಕ್ಕೇ ಹೋಗುತ್ತದೆಯೇನು?” ಎಂದರು. ಹೌದೆಂದೆ. “ಹಾಗಾದರೆ ನಿನ್ನ ತುಟಿಗೇನೂ ಆಗಿಲ್ಲಪ್ಪ. ಹೆಬ್ಬೆರಳಿನ ಕೀ ಸೋರುತ್ತಿದೆ. ಹೀರಿ ನೋಡು.”

ಕೊಳಲನ್ನು ಬಿರುಸಾಗಿ ಊದಿದರೆ ಸಾ ಮೇಲಿನ ಸಾ ಆಗುತ್ತದೆ. ಕ್ಲಾರಿಯೋನೆಟ್‌ನದು ಒಂದು ತುದಿ ಮುಚ್ಚಿದ ನೇರ ಕೊಳವೆಯ ಗುಣ. ಹಾರಿದರೆ ಸಪ್ತಕ ದಾಟಿ ಪಂಚಮಕ್ಕೇ ಹಾರುತ್ತದೆ. ಬೇಕೆಂದಾಗ ಹಾಗೆ ಹಾರಿಸಲೆಂದೇ ಹಿಂಬದಿಯಲ್ಲಿ ಎಡ ಹೆಬ್ಬೆರಳಿಗೆ ಒಂದು ಕೀ ಇದೆ. ರಂಧ್ರ ಮುಚ್ಚುವ ಅದರ ಮೆತ್ತೆ, ಅಂದರೆ ಪ್ಯಾಡ್, ಸರಿಯಾಗಿ ಕೂರದಿದ್ದರೆ, ಬೆರಳು ಮುಟ್ಟದೆಯೂ ಸ್ವರ ಹಾರುತ್ತದೆ.

ಮೇಲ್ಭಾಗವನ್ನು ಬಿಚ್ಚಿ, ಕೆಳತುದಿಯನ್ನು ಅಂಗೈಗೆ ಒತ್ತಿ, ರಂಧ್ರಗಳನ್ನೆಲ್ಲ ಮುಚ್ಚಿ ಹೀರಿದೆ. ಬಿಗಿಯಾಗಿದ್ದರೆ ನಾಲಿಗೆಗೆ ಅಂಟಿ ನಿಲ್ಲಬೇಕು. ನಿಲ್ಲಲಿಲ್ಲ. ಸಿಗರೇಟಿನ ತೆಳು ಕಾಗದವನ್ನು ಪಟ್ಟಿ ಕತ್ತರಿಸಿ ಒಂದೊಂದೇ ಪ್ಯಾಡಿನ ಕೆಳಗಿಟ್ಟು ಮೆಲ್ಲಗೆ ಎಳೆದೆ. ಉಳಿದವು ಕಾಗದವನ್ನು ಕಚ್ಚಿದವು. ಹೆಬ್ಬೆರಳಿನ ಕೀ ಮಾತ್ರ ಒಂದು ಬದಿಯಲ್ಲಿ ಬೆಣ್ಣೆಯಂತೆ ಬಿಟ್ಟುಕೊಟ್ಟಿತು. ಸ್ಕ್ರೂ ಬಿಚ್ಚಿ ನೋಡಿದರೆ ಪ್ಯಾಡಿನ ತೆಳುಪೊರೆ ಉಗುರುಗಾತ್ರ ಹರಿದು, ಒಳಗಿನ ಉಣ್ಣೆ ಒಣಗಿ ಕಲ್ಲಾಗಿತ್ತು.

ಪ್ಯಾಡ್ ಅಂಟಿಸುವುದು ಅರಗಿನಿಂದ. ಓಣಿಯ ಪತ್ತಾರರು ಒಂದು ಚೂರು ಕೊಟ್ಟರು, ದುಡ್ಡು ಬೇಡವೆಂದರು. ಸ್ಪಿರಿಟ್ ದೀಪದ ಮೇಲೆ ಕೀಯ ಬಟ್ಟಲನ್ನು ಕಾಯಿಸಿ ಹಳೆಯದನ್ನು ಕಿತ್ತೆ, ಅರಗು ಕರಗಿಸಿ ಹೊಸ ಪ್ಯಾಡ್ ಕೂರಿಸಿದೆ. ಬಿಸಿ ಆರುವ ಮುನ್ನ ಕೀ ಜೋಡಿಸಿ ರಂಧ್ರದ ಮೇಲೆ ಹಗುರವಾಗಿ ಮುಚ್ಚಿ ಹಿಡಿದೆ. ಪ್ಯಾಡ್ ತನ್ನ ಮಟ್ಟವನ್ನು ತಾನೇ ಹುಡುಕಿಕೊಳ್ಳುವ ಆ ಅರೆನಿಮಿಷದಲ್ಲಿ ಉಸಿರಾಡಲೂ ಹೆದರಿದ್ದೆ. ಆಮೇಲೆ ಕಾಗದ ಸುತ್ತಲೂ ಒಂದೇ ಸಮ ಕಚ್ಚಿತು.

ನಡುವಿನ ಕೀಲಿನ ಕಾರ್ಕ್ ಕುಗ್ಗಿ ಅಲುಗಾಡುತ್ತಿತ್ತು. ಅದಕ್ಕೆ ಜೇನುಮೇಣ ಸವರಿದ ನೂಲು ಸುತ್ತಿದ್ದೇನೆ, ಸದ್ಯಕ್ಕೆ ಸಾಕು. ಮರ ಬಿರುಕು ಬಿಟ್ಟಿಲ್ಲ, ಅದೇ ದೊಡ್ಡ ಸಮಾಧಾನ. ಆದರೂ ಒಣಗಿದ ಮರ ಉಸಿರಿನ ತೇವವನ್ನು ಒಮ್ಮೆಲೆ ಕುಡಿದರೆ ಸೀಳಬಹುದು. ಕೆಲವು ವಾರ ದಿನಕ್ಕೆ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಊದುವುದಿಲ್ಲ.

ಭೀಮಪಲಾಸಿ ರಾಗದ ಹೊತ್ತು. ಕೆಳಗಿನ ನಿಷಾದದಿಂದ ಹತ್ತಿ ಸಾ ಮೇಲೆ ನಿಂತೆ. ಉಸಿರು ಮುಗಿಯುವವರೆಗೂ ಅದು ಕದಲಲಿಲ್ಲ. ಕೂಡಲೇ ಕಾಕಾ ಅವರಿಗೆ ಫೋನ್ ಹಚ್ಚಿ ಇನ್ನೊಮ್ಮೆ ಊದಿದೆ. ಪೂರ್ತಿ ಕೇಳಿ, “ಕಿರುಬೆರಳಿನ ಕೀ ಟಕ್ ಎನ್ನುತ್ತಿದೆ, ಮುಂದಿನ ರವಿವಾರ ತೆಗೆದುಕೊಂಡು ಬಾ” ಎಂದರು.