ಚೀನೀ ಓದಲು ಬಾರದವನು ಚೀನೀ ಪುಟ ಕಟ್ಟುವ ಬಗೆ

ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವರು ಉದ್ಯೋಗ ವಿಚಾರಿಸುತ್ತಾರೆ. ಪುಟ ವಿನ್ಯಾಸ ಮಾಡುತ್ತೇನೆ ಎನ್ನುತ್ತೇನೆ. ಯಂತ್ರಗಳ ಕೈಪಿಡಿ, ಒಪ್ಪಂದ ಪತ್ರ, ಹೆಚ್ಚಿನವು ಇಂಗ್ಲಿಷ್ ಮತ್ತು ಚೀನೀ ಒಟ್ಟಿಗೆ ಇರುವಂಥವು. ಹೋಳಿಗೆ ಮುರಿಯುವ ಮೊದಲೇ ಮುಂದಿನ ಪ್ರಶ್ನೆ ಬರುತ್ತದೆ: “ಹಾಗಾದರೆ ನಿಮಗೆ ಚೀನೀ ಬರುತ್ತದೆಯೇ?” ಬರುವುದಿಲ್ಲ. “ಮತ್ತೆ ಹೇಗೆ?”

ಈ “ಮತ್ತೆ ಹೇಗೆ”ಗೆ ಪಂಕ್ತಿ ಏಳುವುದರೊಳಗೆ ಉತ್ತರ ಹೇಳಿ ಮುಗಿಸಲು ನನಗೆ ಒಮ್ಮೆಯೂ ಆಗಿಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ.

ಓದಲು ಬಾರದ ಲಿಪಿಯನ್ನು ಜೋಡಿಸುವುದು ಹೊಸ ಸಾಹಸವೇನಲ್ಲ. ಜೋಶುವಾ ಮಾರ್ಶ್‌ಮನ್ ಇಂಗ್ಲಿಷಿನಲ್ಲಿ ಬರೆದ ಚೀನೀ ವ್ಯಾಕರಣ 1814ರಲ್ಲಿ ಅಚ್ಚಾದದ್ದು ಬಂಗಾಳದ ಶ್ರೀರಾಮಪುರದ ಕ್ರೈಸ್ತ ಮಿಷನ್ ಮುದ್ರಣಾಲಯದಲ್ಲಿ, ಲೋಹದ ಅಚ್ಚುಮೊಳೆಗಳಿಂದ. ಅದೇ ಮುದ್ರಣಾಲಯ ಮೂರು ವರ್ಷಗಳ ನಂತರ ವಿಲಿಯಂ ಕೇರಿಯ ಕನ್ನಡ ವ್ಯಾಕರಣವನ್ನೂ ಅಚ್ಚು ಹಾಕಿತು. ಅಲ್ಲಿ ಮೊಳೆ ಜೋಡಿಸುತ್ತಿದ್ದವರಲ್ಲಿ ಚೀನೀಯನ್ನೋ ಕನ್ನಡವನ್ನೋ ಓದಬಲ್ಲವರು ಎಷ್ಟು ಮಂದಿ ಇದ್ದರೋ! ಅದೇ ಕಾಲಕ್ಕೆ ಮಕಾವಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮುದ್ರಣಾಲಯ ರಾಬರ್ಟ್ ಮಾರಿಸನ್ನನ ಚೀನೀ–ಇಂಗ್ಲಿಷ್ ನಿಘಂಟನ್ನು 1815ರಿಂದ 1823ರವರೆಗೆ ಭಾಗ ಭಾಗವಾಗಿ ಹೊರತರುತ್ತಿತ್ತು. ಅದಕ್ಕೆ ಬೇಕಾದ ಚೀನೀ ಅಕ್ಷರಗಳನ್ನು ಲೋಹದ ತುಂಡುಗಳ ಮೇಲೆ ಒಂದೊಂದಾಗಿ ಕೈಯಿಂದ ಕೆತ್ತಬೇಕಾಯಿತು. ನನಗೆ ಆ ಕಷ್ಟವಿಲ್ಲ. ಅಡೋಬಿ ಮತ್ತು ಗೂಗಲ್ ಸೇರಿ 2014ರಲ್ಲಿ ಹೊರತಂದ ಫಾಂಟಿನಲ್ಲಿ 65,535 ಅಕ್ಷರರೂಪಗಳಿವೆ. ಒಂದು ಫಾಂಟ್ ಕಡತಕ್ಕೆ ಹಿಡಿಸುವುದೇ ಅಷ್ಟು. ಅದೂ ಪುಕ್ಕಟೆ.

ಅಕ್ಷರಗಳು ಸಿಕ್ಕವು, ಅನುವಾದವನ್ನು ಬಲ್ಲವರು ಮಾಡಿ ಕಳಿಸುತ್ತಾರೆ. ಇನ್ನು ನನ್ನ ಕೆಲಸವೇನು? ಎರಡು ಲಿಪಿಗಳು ಒಂದಕ್ಕೊಂದು ತಾಗುವ ಜಾಗವನ್ನು ಕಾಯುವುದು. ಬರಿಯ ಚೀನೀ ಪುಟ ತನ್ನ ಪಾಡಿಗೆ ತಾನು ಚೆನ್ನಾಗಿಯೇ ಇರುತ್ತದೆ, ಬರಿಯ ಇಂಗ್ಲಿಷ್ ಪುಟವೂ ಹಾಗೆಯೇ. ಎಡವಟ್ಟೆಲ್ಲ ನಡುವಿನ ಬದುವಿನಲ್ಲಿ. ಬದುವಿನ ಮೇಲಿನ ಕಳೆ ಕಾಣಲು ಕಣ್ಣಿದ್ದರೆ ಸಾಕು, ಭಾಷೆ ಬೇಕಿಲ್ಲ.

ಪ್ರತಿ ಚೀನೀ ಅಕ್ಷರವೂ ಒಂದು ಚೌಕ. ಒಂದೇ ಗೆರೆಯ ಅಕ್ಷರವಾಗಲಿ, ಇಪ್ಪತ್ತು ಗೆರೆಗಳ ಅಕ್ಷರವಾಗಲಿ, ಅಕ್ಷರದ ಅಳತೆ 12 ಪಾಯಿಂಟ್ ಎಂದರೆ ಅಗಲವೂ 12, ಎತ್ತರವೂ 12. ರಂಗೋಲಿಯ ಚುಕ್ಕಿ ಇಟ್ಟಂತೆ ಸಾಲಿಗೆ ಮೂವತ್ತು ಚೌಕ ಎಣಿಸಿ ಇಡಬಹುದು. ಪದಗಳ ನಡುವೆ ಖಾಲಿ ಬಿಡುವ ಪದ್ಧತಿಯೂ ಇಲ್ಲ, ಹೆಚ್ಚುಕಡಿಮೆ ಎಲ್ಲಿ ಬೇಕಾದರೂ ಸಾಲು ಮುರಿಯಬಹುದು. ಈ ಅಚ್ಚುಕಟ್ಟಿನ ನಡುವೆ ‘ಟೆಂಪರೇಚರ್’ ಎಂಬ ಇಂಗ್ಲಿಷ್ ಪದವೊಂದು ಬಂದು ಕುಳಿತಿತೆನ್ನಿ. ಅದರ ಒಂದೊಂದು ಅಕ್ಷರಕ್ಕೂ ಒಂದೊಂದು ಅಗಲ. ಸಾಲಿನ ಕೊನೆಯಲ್ಲಿ ಜಾಗ ಸಾಲದೆ ಇಡೀ ಪದ ಕೆಳಗಿಳಿಯುತ್ತದೆ. ಮೇಲೆ ಉಳಿದ ಖಾಲಿಯನ್ನು ತುಂಬಲು ತಂತ್ರಾಂಶವು ಚೀನೀ ಚೌಕಗಳನ್ನು ಎಳೆದು ಎಳೆದು ದೂರ ಕೂರಿಸುತ್ತದೆ. ಹಲ್ಲು ಬಿದ್ದ ಬಾಯಿಯಂಥ ಸಾಲು. ಇಂಗ್ಲಿಷ್ ಭಾಗಕ್ಕೆ ‘ಇದು ಇಂಗ್ಲಿಷ್’ ಎಂದು ಗುರುತು ಹಚ್ಚಿ, ಪದ ಒಡೆಯಲು ಅನುಮತಿ ಕೊಟ್ಟರೆ ಅರ್ಧ ಗೋಳು ತಪ್ಪುತ್ತದೆ. ಬಿಡಿಭಾಗಗಳ ಸಂಖ್ಯೆ, ಜಾಲತಾಣದ ವಿಳಾಸ ಮುಂತಾದವನ್ನು ಮಾತ್ರ ಕೈಯಿಂದಲೇ ಸಂಭಾಳಿಸಬೇಕು.

“ಎರಡಕ್ಕೂ ಒಂದೇ ಫಾಂಟ್ ಹಾಕಿದರೆ ಆಗುವುದಿಲ್ಲವೇ?” ಎಂದು ಇದೇ ಕಸುಬಿನವರೂ ಕೇಳುತ್ತಾರೆ. ಚೀನೀ ಫಾಂಟಿನಲ್ಲಿ ಇಂಗ್ಲಿಷ್ ಅಕ್ಷರಗಳೂ ಇರುತ್ತವೆ ನಿಜ. ಆದರೆ ವಿಂಡೋಸ್ ಜೊತೆ ಬರುವ ಸಿಮ್‌ಸನ್‌ನಂಥ ಹಳೆಯ ಫಾಂಟಿನಲ್ಲಿ ಪ್ರತಿ ಇಂಗ್ಲಿಷ್ ಅಕ್ಷರಕ್ಕೂ ಅರ್ಧ ಚೌಕದ ಜಾಗ. ಸಣಕಲು ‘ಐ’ಗೂ ಅಷ್ಟೇ, ಡೊಳ್ಳು ‘ಎಂ’ಗೂ ಅಷ್ಟೇ. ಹಳೆಯ ಬೆರಳಚ್ಚು ಯಂತ್ರದ ನೆನಪಾಗುತ್ತದೆ. ಹೀಗಾಗಿ ಎರಡು ಫಾಂಟ್ ಬೇಕೇ ಬೇಕು. ನುಡಿ, ಬರಹ ತಂತ್ರಾಂಶಗಳ ಕಾಲದ ಹಳೆಯ ಫಾಂಟ್‌ಗಳಲ್ಲಿ ಡಿಟಿಪಿ ಕಲಿತ ಕನ್ನಡಿಗರಿಗೆ ಇದು ಹೊಸ ಮಾತಲ್ಲ. ಕನ್ನಡದ ಫಾಂಟಿನಲ್ಲೇ ಇಂಗ್ಲಿಷ್ ಪದ ಒತ್ತಿದರೆ ಅರ್ಥವಿಲ್ಲದ ಕನ್ನಡ ಮೂಡುತ್ತಿತ್ತು; ಪದ ಪದಕ್ಕೂ ಫಾಂಟ್ ಬದಲಿಸುವ ಶಿಸ್ತು ಆಗಲೇ ಕೈಗೆ ಹತ್ತಿದೆ.

ಆದರೆ ಚೀನೀ–ಇಂಗ್ಲಿಷ್ ಜೋಡಿಯಲ್ಲಿ ಒಂದು ಕಳ್ಳ ಇದ್ದಾನೆ, ಉದ್ಧರಣ ಚಿಹ್ನೆ. ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಕೇತ ಸಂಖ್ಯೆ ಕೊಡುವ ಯೂನಿಕೋಡ್, ಬಾಗಿದ ಉದ್ಧರಣ ಚಿಹ್ನೆಗಳಿಗೆ ಎರಡು ಭಾಷೆಗೂ ಸೇರಿ ಒಂದೇ ಸಂಕೇತ ಕೊಟ್ಟಿದೆ. ಚೀನಾದಲ್ಲಿ ಅದು ಪೂರ್ತಿ ಚೌಕವನ್ನು ಆಕ್ರಮಿಸಬೇಕು, ಇಂಗ್ಲಿಷಿನಲ್ಲಿ ಅಕ್ಷರಕ್ಕೆ ಅಂಟಿಕೊಂಡಿರಬೇಕು. ಚೀನೀ ಫಾಂಟಿಗೆ ಆದ್ಯತೆ ಕೊಟ್ಟರೆ ಇಂಗ್ಲಿಷಿನ ‘ಡೋಂಟ್’ ಪದದಲ್ಲಿ ಕೊನೆಯ ‘ಟಿ’ ಒಂದು ಗೇಣು ದೂರ ಹೋಗಿ ನಿಲ್ಲುತ್ತದೆ, ಏಕೆಂದರೆ ನಡುವಿನ ಅಪಾಸ್ಟ್ರಫಿಗೂ ಅದೇ ಸಂಕೇತ. ಇಂಗ್ಲಿಷ್ ಫಾಂಟಿಗೆ ಆದ್ಯತೆ ಕೊಟ್ಟರೆ ಚೀನೀ ವಾಕ್ಯದ ಉದ್ಧರಣ ಚಿಹ್ನೆಗಳು ಕುಗ್ಗಿ ಪಕ್ಕದ ಚೌಕಕ್ಕೆ ಒರಗುತ್ತವೆ. ಇದಕ್ಕೆ ಫಾಂಟ್ ಬದಲಿಸುವ ಔಷಧ ನಾಟುವುದಿಲ್ಲ. ಪ್ರತಿ ತುಣುಕಿಗೂ ಭಾಷೆಯ ಗುರುತು ಹಚ್ಚಬೇಕು. ತೈವಾನಿನ ಕಡತ ಬಂದರೆ ನನಗೆ ಹಬ್ಬ. ಅಲ್ಲಿ ಮೂಲೆಕಟ್ಟಿನ ಆಕಾರದ ಬೇರೆಯೇ ಉದ್ಧರಣ ಚಿಹ್ನೆ ಬಳಸುತ್ತಾರೆ, ಜಗಳವೇ ಇಲ್ಲ. ಒಂದು ಪುಟ ಯಾರಾದರೂ ಕಾಳಜಿಯಿಂದ ಕಟ್ಟಿದ್ದೋ ಅಲ್ಲವೋ ಎಂದು ತಿಳಿಯಲು ನಾನು ಮೊದಲು ನೋಡುವುದು ಆ ಅಪಾಸ್ಟ್ರಫಿಯನ್ನೇ.

ಚೀನೀ ಅಕ್ಷರದ ಪಕ್ಕ ಇಂಗ್ಲಿಷ್ ಅಕ್ಷರ ಬಂದಾಗ ನಡುವೆ ಎಷ್ಟು ಖಾಲಿ ಬಿಡಬೇಕು? ಹೆಚ್ಚೆಂದರೆ ಚೌಕದ ಕಾಲು ಭಾಗ. ಅದನ್ನು ಸ್ಪೇಸ್ ಒತ್ತಿ ತುಂಬುವುದು ಒಂದು ಪಂಥ, ತಂತ್ರಾಂಶವೇ ಬಿಡಬೇಕೆನ್ನುವುದು ಇನ್ನೊಂದು ಪಂಥ. ಚೀನೀ ಜಾಲಿಗರು ಈ ಖಾಲಿಯನ್ನು ತಮಾಷೆಗೆ ಪಾನ್‌ಗು ಹೆಸರಿನಿಂದ ಕರೆಯುತ್ತಾರೆ. ಅವರ ಪುರಾಣದಲ್ಲಿ ಆಕಾಶವನ್ನೂ ಭೂಮಿಯನ್ನೂ ಬೇರ್ಪಡಿಸಿದವನು ಅವನು. ನಾನು ಎರಡನೆಯ ಪಂಥದವನು. ವರ್ಡ್‌ನಲ್ಲೂ ಇದಕ್ಕೊಂದು ಆಯ್ಕೆಯಿದೆ, ಲೇಟೆಕ್ ಎಂಬ ಪುಟ ಜೋಡಣೆಯ ತಂತ್ರಾಂಶ ಬಳಸುವವರಿಗೆ ಚೀನೀಗೆಂದೇ ಮಾಡಿದ ಪೂರಕ ಕಟ್ಟುಗಳಿವೆ. ಕೈಯಿಂದ ಒತ್ತಿದ ಸ್ಪೇಸ್ ಒಂದು ಕಡೆ ಇದ್ದು ಇನ್ನೊಂದು ಕಡೆ ಇರುವುದಿಲ್ಲ, ಆಮೇಲೆ ಹುಡುಕಿ ಕೀಳುವುದು ನನ್ನ ಪಾಲಿಗೇ ಬರುತ್ತದೆ.

ವಿರಾಮ ಚಿಹ್ನೆಗಳ ನಿಯಮ ಬೇಗ ಹೇಳಬಹುದು. ಪೂರ್ಣವಿರಾಮ ಒಂದು ಪುಟ್ಟ ಸೊನ್ನೆ. ಚೀನಾದಲ್ಲಿ ಚೌಕದ ಎಡ ಕೆಳಮೂಲೆಯಲ್ಲಿ, ತೈವಾನ್ ಮತ್ತು ಹಾಂಗ್‌ಕಾಂಗ್‌ನಲ್ಲಿ ಚೌಕದ ನಟ್ಟನಡುವೆ. ಪೂರ್ಣವಿರಾಮ, ಅಲ್ಪವಿರಾಮ ಸಾಲಿನ ಮೊದಲಿಗೆ ಬರಕೂಡದು, ತೆರೆಯುವ ಆವರಣ ಸಾಲಿನ ಕೊನೆಗೆ ನಿಲ್ಲಕೂಡದು. ಮಾತು ಅರ್ಧಕ್ಕೆ ಬಿಟ್ಟದ್ದನ್ನು ತೋರಿಸುವ ಚಿಹ್ನೆಗೆ ಆರು ಚುಕ್ಕಿ. ಪ್ಯಾರಾ ಎರಡು ಚೌಕ ಒಳಗಿನಿಂದ ಶುರು.

ಓರೆ ಅಕ್ಷರದ ಬಗ್ಗೆ ಮಾತ್ರ ತುಸು ಸಿಟ್ಟಿನಿಂದಲೇ ಹೇಳುತ್ತೇನೆ. ಇಂಗ್ಲಿಷಿನಲ್ಲಿ ಪುಸ್ತಕದ ಹೆಸರು ಇಟಾಲಿಕ್ ಆಗಿದೆ ಎಂದು ಚೀನೀಯನ್ನೂ ವಾಲಿಸುವವರಿದ್ದಾರೆ. ಚೌಕವನ್ನು ವಾಲಿಸಿದರೆ ಗಾಳಿಗೆ ಮುರಿದ ಬೇಲಿಯಂತೆ ಕಾಣುತ್ತದೆ. ಚೀನೀಯಲ್ಲಿ ಪುಸ್ತಕದ ಹೆಸರಿಗೆಂದೇ ಜೋಡಿ ಕೋನಗಳ ಆವರಣವಿದೆ. ಒತ್ತಿ ಹೇಳಬೇಕಾದ ಮಾತಿಗೆ ಅಕ್ಷರದ ಕೆಳಗೆ ಚುಕ್ಕಿ ಇಡಬಹುದು, ಇಲ್ಲವೇ ಕುಂಚದ ಬರಹವನ್ನು ಹೋಲುವ ಕಾಯ್ ಶೈಲಿಗೆ ಬದಲಿಸಬಹುದು. ಇಂಗ್ಲಿಷಿನಲ್ಲಿ ಇಟಾಲಿಕ್ ಇದ್ದಲ್ಲೆಲ್ಲ ಚೀನೀ ಪಠ್ಯದಲ್ಲಿ ಏನಾಗಿದೆ ಎಂದು ಪಟ್ಟಿ ಮಾಡಿ ಅನುವಾದಕರನ್ನು ಕೇಳುತ್ತೇನೆ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಪೆಟ್ಟಿನ ಕಥೆಯನ್ನೂ ಹೇಳಬೇಕು. ಎಕ್ಸ್‌ರೇ ಯಂತ್ರವೊಂದರ ಕೈಪಿಡಿ, ಓದುಗರು ಚೀನಾದವರು. ಮೇಲೆ ಹೊಗಳಿದ ಫಾಂಟನ್ನೇ ಬಳಸಿದ್ದೆ. ಕರಡು ವಾಪಸು ಬಂದಾಗ ಪುಟ ಪುಟದಲ್ಲೂ ಕೆಂಪು ವೃತ್ತ, ಬಹುಪಾಲು ಒಂದೇ ಅಕ್ಷರದ ಸುತ್ತ. ಅದು ‘ಮೂಳೆ’. ಅದರ ತಲೆಯೊಳಗಿನ ಸಣ್ಣ ಮೂಲೆ ಚೀನಾದಲ್ಲಿ ಎಡಕ್ಕಿರುತ್ತದೆ, ಜಪಾನಿನಲ್ಲಿ ಬಲಕ್ಕೆ. ಎರಡಕ್ಕೂ ಯೂನಿಕೋಡ್ ಸಂಕೇತ ಒಂದೇ. ಯಾವ ರೂಪ ಬರಬೇಕೆಂದು ಭಾಷೆಯ ಗುರುತು ನಿರ್ಧರಿಸುತ್ತದೆ. ನಾನು ಗುರುತು ಹಚ್ಚಿರಲಿಲ್ಲ, ಆ ಫಾಂಟಿನ ಮೂಲ ಆವೃತ್ತಿ ತಾನಾಗಿ ಕೊಡುವುದು ಜಪಾನಿ ರೂಪವನ್ನು. ಅರ್ಥ ಕೆಟ್ಟಿರಲಿಲ್ಲ. ಆದರೆ ತಮ್ಮ ಯಂತ್ರದ ಕೈಪಿಡಿ ಪರದೇಶದ್ದಾಗಿ ಕಂಡರೆ ಯಾರಿಗೆ ಹಿತ? ಎರಡು ದಿನ ಕುಳಿತು ಮತ್ತೆ ಕಟ್ಟಿದೆ. ಈಗ ಹೊಸ ಕಡತ ತೆರೆದ ಕೂಡಲೇ ಖಾಲಿ ಪುಟದಲ್ಲಿ ಮೂಳೆಯ ಅಕ್ಷರವೊಂದನ್ನು ಅಂಟಿಸಿ, ದೊಡ್ಡದು ಮಾಡಿ, ಮೂಲೆ ಯಾವ ಕಡೆಗಿದೆ ಎಂದು ನೋಡಿ ಅಳಿಸುತ್ತೇನೆ.

ಪಂಕ್ತಿಯಲ್ಲಿ ಕೊನೆಗೊಂದು ಮರುಪ್ರಶ್ನೆ ಇದ್ದೇ ಇರುತ್ತದೆ: “ಅಕ್ಷರವೇ ತಪ್ಪಾಗಿದ್ದರೆ ನಿಮಗೆ ಹೇಗೆ ಗೊತ್ತಾಗುತ್ತದೆ?” ಗೊತ್ತಾಗುವುದಿಲ್ಲ. ಅದಕ್ಕೇ ಚೀನೀ ಪಠ್ಯವನ್ನು ನಾನು ಎಂದೂ ಕೈಯಿಂದ ಒತ್ತುವುದಿಲ್ಲ, ನಕಲು ಮಾಡಿ ಅಂಟಿಸುತ್ತೇನೆ, ಅಂಟಿಸಿದ ಮೇಲೆ ಮೂಲದ್ದೂ ನನ್ನದೂ ಅಕ್ಷರಗಳ ಸಂಖ್ಯೆ ತಾಳೆ ನೋಡುತ್ತೇನೆ. ಜಾಗ ಸಾಲದಿದ್ದರೆ ಒಂದಕ್ಷರವನ್ನೂ ನಾನಾಗಿ ತೆಗೆಯುವುದಿಲ್ಲ. ಅಚ್ಚಿಗೆ ಹೋಗುವ ಪ್ರತಿ ಪುಟದ ಕೆಳಗೂ ಓದಬಲ್ಲವರೊಬ್ಬರ ಸಹಿ ಇರುತ್ತದೆ. ಅದು ಬರುವವರೆಗೆ ಕಡತ ನನ್ನ ಮೇಜಿನ ಮೇಲೆಯೇ.