ಚಿನ್ನಿಗೆ ಈಗ 4 ತಿಂಗಳು
ಇವತ್ತು ಬೆಳಗ್ಗೆ ಐದೂವರೆಗೆ ಮತ್ತೆ ಹಾಲ್ ಒರೆಸಿದೆ. ನಮ್ಮ ಲ್ಯಾಬ್ರಡಾರ್ ಮರಿ ಚಿನ್ನಿ ಕಾಲೊರೆಸಿನ ಮೇಲೆ ಉಚ್ಚೆ ಮಾಡಿ, ಕಿವಿ ಹಿಂದಕ್ಕೆ ಮಡಚಿ, ಸೋಫಾ ಕೆಳಗಿನಿಂದ ನನ್ನನ್ನೇ ನೋಡುತ್ತಿದ್ದಳು. ಬೈಯೋಕೆ ಮನಸ್ಸು ಬರಲಿಲ್ಲ. ಈ ವಯಸ್ಸಿನ ಮರಿಗಳು ಹಗಲಲ್ಲಿ 4-5 ಗಂಟೆಗಿಂತ ಜಾಸ್ತಿ ತಡೆದುಕೊಳ್ಳಲಾರವು, ಜಯನಗರದ ಈ ಮೂರನೇ ಮಹಡಿಯಿಂದ ಲಿಫ್ಟಿಗೆ ಕಾದು ಕೆಳಗಿಳಿಯುವಷ್ಟರಲ್ಲಿ ಆಗಿಹೋದರೆ ಅವಳ ತಪ್ಪೇನು ಅಲ್ವಾ?

ಆದರೆ ಕಳೆದ ವಾರ ಅರ್ಧ ಗಂಟೆಗೊಮ್ಮೆ ಚೂರು ಚೂರೇ ಮಾಡತೊಡಗಿದಾಗ ಸುಮ್ನೆ ಕೂರಲಿಲ್ಲ. ಬೆಳಗಿನ ಮೊದಲ ಮೂತ್ರವನ್ನು ಹಳೆ ಸೌಟಿನಲ್ಲಿ ಹಿಡಿದು ಡಾಕ್ಟರ್ ಹತ್ತಿರ ಓಡಿದೆ. ಸೋಂಕು. ಈಗ ಮಾತ್ರೆ ನಡೆಯುತ್ತಿದೆ.

ಅಲ್ಲೇ ಸೊಂಟದ ಮಾತೂ ಬಂತು. ಲ್ಯಾಬ್ರಡಾರ್‌ಗಳಿಗೆ ಹಿಪ್ ಡಿಸ್ಪ್ಲೇಸಿಯಾ, ಅಂದರೆ ಸೊಂಟದ ಕೀಲು ಸರಿಯಾಗಿ ಕೂರದ ತೊಂದರೆ, ವಂಶದಲ್ಲೇ ಬರಬಹುದು. ಅಪ್ಪ-ಅಮ್ಮನ ಎಕ್ಸ್‌ರೇ ತೋರಿಸಿ ಎಂದು ಮರಿ ಕೊಟ್ಟವರನ್ನು ಕೇಳಿದರೆ, ಕೆಸಿಐ (ಕೆನಲ್ ಕ್ಲಬ್ ಆಫ್ ಇಂಡಿಯಾ) ಸರ್ಟಿಫಿಕೇಟ್ ಇದೆಯಲ್ಲ ಎಂದರು. ನಿಜಕ್ಕೂ ಬೇಜಾರಾಯಿತು. ಆ ಕಾಗದ ತಳಿ ಯಾವುದು, ಅಪ್ಪ-ಅಮ್ಮ ಯಾರು ಅಂತ ಹೇಳುತ್ತದೆ, ಕೀಲು ಹೇಗಿದೆ ಅಂತ ಹೇಳುವುದಿಲ್ಲ. ಹೀಗೇ ವಂಶದಲ್ಲಿ ಬಂದು ನಿಧಾನವಾಗಿ ದೃಷ್ಟಿ ಕಳೆಯುವ ಕಣ್ಣಿನ ಪಿಆರ್‌ಎ ಕಾಯಿಲೆಯ ಡಿಎನ್‌ಎ ಪರೀಕ್ಷೆ ಈಗಲೇ ಮಾಡಿಸಬಹುದು, ಕೆನ್ನೆಯೊಳಗೆ ಹತ್ತಿ ಕಡ್ಡಿ ಆಡಿಸಿ ಕಳಿಸಿದರೆ ಸಾಕು. ಸೊಂಟದ ಕೊನೆಯ ಎಕ್ಸ್‌ರೇಗೆ ಮಾತ್ರ ಮೂಳೆ ಪೂರ್ತಿ ಬೆಳೆಯಬೇಕು.

ಅಲ್ಲಿಯವರೆಗೆ ನುಣುಪು ನೆಲದಲ್ಲಿ ಕಾಲು ಜಾರದಿರಲಿ ಅಂತ ಅಜ್ಜಿಯ ಜಮಖಾನ ಹಾಸಿದ್ದೇವೆ. ಅದರ ಮೇಲೇ ಈಗ ಹೊಟ್ಟೆ ಮೇಲೆ ಮಾಡಿ ಮಲಗಿದ್ದಾಳೆ.